ಆಲ್ಟರ್ನೇಟರ್ ಮೇಲೆ ಆಯಿಲ್ ಸೋರಿದೆಯಾ? ತೊಳೆಯುವ ಮುಂಚೆ ಇಷ್ಟು ನೋಡಿ



ಪಿಕಪ್ ಗಾಡಿಯ ಬಾನೆಟ್ ಎತ್ತಿದರೆ ಆಲ್ಟರ್ನೇಟರ್ ತುಂಬ ಕಪ್ಪು ಜಿಡ್ಡು, ಅದರ ಮೇಲೆ ಒಂದು ಪದರ ಧೂಳು. ನಮ್ಮ ಕಡೆ ಇದು ಮಾಮೂಲು. ಗಾಡಿ ಓಡ್ತಿದೆಯಲ್ಲ ಅಂತ ಬಿಟ್ಟುಬಿಡುತ್ತೇವೆ. ಟೊಮೆಟೊ ಕ್ರೇಟ್ ತುಂಬಿಕೊಂಡು ರಾತ್ರಿ ಮಾರ್ಕೆಟ್‌ಗೆ ಹೊರಟಾಗ ಹೆಡ್‌ಲೈಟ್ ಮಂಕಾದ ಮೇಲೆ ಅದರ ನೆನಪಾಗುತ್ತದೆ.

ನಮ್ಮ ಮನೆಯ ಪಿಕಪ್, ಟ್ರ್ಯಾಕ್ಟರ್ ಎರಡರ ಸಣ್ಣಪುಟ್ಟ ಕೆಲಸವನ್ನೂ ನಾನೇ ಮಾಡಿಕೊಳ್ಳುತ್ತೇನೆ. ಈ ವಾರ ಹೇಳಬೇಕಾದ ಮುಖ್ಯ ಮಾತು ಒಂದೇ: ಸೋರಿಕೆ ಎಲ್ಲಿಂದ ಅಂತ ಹುಡುಕುವುದು ಮೊದಲ ಕೆಲಸ, ಜಿಡ್ಡು ತೊಳೆಯುವುದು ಆಮೇಲಿನದು. ಕೆಲವು ಗಾಡಿಗಳಲ್ಲಿ ಆ ಸೋರಿಕೆಗೂ ನಿಮ್ಮ ಬ್ರೇಕಿಗೂ ನೇರ ಸಂಬಂಧ ಇದೆ.

ಆಯಿಲ್ ಬಿದ್ದರೆ ಏನಾಗುತ್ತೆ?

ಆಲ್ಟರ್ನೇಟರ್ ಒಳಗೆ ತಿರುಗುವ ರೋಟರ್‌ಗೆ ಎರಡು ಸ್ಲಿಪ್ ರಿಂಗ್ ಇರುತ್ತವೆ. ಕಾರ್ಬನ್ ಬ್ರಷ್‌ಗಳು ಆ ರಿಂಗ್‌ಗಳನ್ನು ಒತ್ತಿಕೊಂಡು ಕರೆಂಟ್ ದಾಟಿಸುತ್ತವೆ. ಎಣ್ಣೆ ಕರೆಂಟ್ ಹರಿಸುವುದಿಲ್ಲ. ಬ್ರಷ್ ಸವೆದ ಪುಡಿ ಎಣ್ಣೆಗೆ ಸೇರಿ ಅಂಟಾಗುತ್ತದೆ, ಬ್ರಷ್ ಅದರ ಗೂಡಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ.

ಎರಡನೇ ತೊಂದರೆ ಬಿಸಿ. ಗಾಳಿ ಹೋಗುವ ಕಿಂಡಿಗಳಲ್ಲಿ ಜಿಡ್ಡು, ಹೊಟ್ಟು, ಧೂಳು ಮೆತ್ತಿಕೊಂಡರೆ ಒಳಗಿನ ಬಿಸಿ ಹೊರಗೆ ಬರುವುದಿಲ್ಲ, ಡಯೋಡ್‌ಗಳು ಸುಡುತ್ತವೆ. ಮೂರನೆಯದು ಬೆಲ್ಟ್. ಎಣ್ಣೆ ಕುಡಿದ ಬೆಲ್ಟ್ ಮೆತ್ತಗಾಗಿ ಜಾರುತ್ತದೆ.

ಕೂಲೆಂಟ್ ಬಿದ್ದರೆ ಇನ್ನೊಂದು ಕಥೆ. ಅದು ಕರೆಂಟ್ ಹರಿಸುತ್ತದೆ, ಟರ್ಮಿನಲ್‌ಗಳಿಗೆ ಕಿಲುಬು ಹಿಡಿಸುತ್ತದೆ.

ಸೋರುತ್ತಿರುವುದು ಯಾವುದು?

ಸಂಜೆ ಗಾಡಿ ನಿಲ್ಲಿಸಿದಾಗ ಇಂಜಿನ್ ಕೆಳಗೆ ಬಿಳಿ ರಟ್ಟು ಹಾಸಿ. ಬೆಳಿಗ್ಗೆ ನೋಡಿ.

• ಕಪ್ಪಾಗಿ, ಜಾರಿಕೆಯಾಗಿ ಇದ್ದರೆ ಇಂಜಿನ್ ಆಯಿಲ್. ಹೆಚ್ಚಾಗಿ ಟ್ಯಾಪೆಟ್ ಕವರ್ ಪ್ಯಾಕಿಂಗ್‌ನಿಂದ ಇಳಿದಿರುತ್ತದೆ.
• ತೆಳ್ಳಗಿದ್ದು ವಾಸನೆ ಹೊಡೆದರೆ ಡೀಸೆಲ್. ಫಿಲ್ಟರ್, ಪೈಪ್ ಜಾಯಿಂಟ್ ನೋಡಿ.
• ಕೆಂಪು ಅಥವಾ ಜೇನು ಬಣ್ಣದ ಎಣ್ಣೆಯಾದರೆ ಪವರ್ ಸ್ಟೀರಿಂಗ್‌ದು ಇರಬಹುದು.
• ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣ, ಒಣಗಿದ ಮೇಲೆ ಪುಡಿ ಉಳಿದರೆ ಕೂಲೆಂಟ್. ಇದು ಸಿಹಿ ಇರುವುದರಿಂದ ನಾಯಿ, ದನ ನೆಕ್ಕುತ್ತವೆ. ಅದು ವಿಷ. ಕೂಡಲೇ ತೊಳೆದುಬಿಡಿ.

ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಆಲ್ಟರ್ನೇಟರ್‌ಗಿಂತ ಮೇಲಿನ ಭಾಗಗಳನ್ನು ನೋಡುತ್ತಾ ಹೋಗಿ. ಕೈ ಹೋಗದ ಕಡೆ ಮೊಬೈಲ್ ತೂರಿಸಿ ಫೋಟೋ ತೆಗೆಯಿರಿ. ಒದ್ದೆ ಎಲ್ಲಿಂದ ಶುರುವಾಗಿದೆಯೋ ಸೋರಿಕೆ ಅಲ್ಲೇ ಇರುತ್ತದೆ. ಇಂಜಿನ್ ತಣ್ಣಗಿರಬೇಕು, ಆಫ್ ಆಗಿರಬೇಕು.

ವ್ಯಾಕ್ಯೂಮ್ ಪಂಪ್ ಇದ್ದರೆ ಹುಷಾರ್

ಹಲವು ಹಳೆಯ ಡೀಸೆಲ್ ಪಿಕಪ್, ಜೀಪುಗಳಲ್ಲಿ ಆಲ್ಟರ್ನೇಟರ್ ಹಿಂಭಾಗಕ್ಕೇ ಒಂದು ವ್ಯಾಕ್ಯೂಮ್ ಪಂಪ್ ಕೂಡಿಸಿರುತ್ತಾರೆ. ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಕೊಡುವುದು ಇದೇ. ಇದಕ್ಕೆ ಇಂಜಿನ್ ಆಯಿಲ್ ಸಣ್ಣ ಪೈಪಿನಲ್ಲಿ ಬಂದು ಇನ್ನೊಂದು ಪೈಪಿನಲ್ಲಿ ವಾಪಸ್ ಹೋಗುತ್ತದೆ. ಮಧ್ಯದ ಆಯಿಲ್ ಸೀಲ್ ಸವೆದರೆ ಎಣ್ಣೆ ನೇರವಾಗಿ ಆಲ್ಟರ್ನೇಟರ್ ಒಳಗೇ ಇಳಿಯುತ್ತದೆ. ಹೊರಗಿನಿಂದ ಎಷ್ಟು ತೊಳೆದರೂ ಪ್ರಯೋಜನ ಇಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮೂರಿನ ಹುಡುಗನೊಬ್ಬ ಇಂಥದ್ದೇ ಗಾಡಿ ತಂದಿದ್ದ. "ಅಣ್ಣಾ, ಆರು ತಿಂಗಳಲ್ಲಿ ಎರಡು ಸಲ ಬ್ರಷ್ ಹಾಕಿಸಿದೀನಿ, ಮತ್ತೆ ಚಾರ್ಜ್ ಆಗ್ತಿಲ್ಲ" ಅಂದ. ಹಿಂಭಾಗದಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬ್ರೇಕ್ ಹೇಗಿದೆ ಅಂತ ಕೇಳಿದೆ. "ಪೆಡಲ್ ಗಟ್ಟಿಯಾಗಿದೆ ಅಣ್ಣಾ, ಚೆನ್ನಾಗಿದೆ" ಅಂದ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದರೆ ಅದು ಒಳ್ಳೇ ಲಕ್ಷಣ ಅಲ್ಲ. ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗುತ್ತಿರಲಿಲ್ಲ. ಅದೇ ಗಾಡಿಯಲ್ಲಿ ಅವನು ವಾರಕ್ಕೆ ಮೂರು ದಿನ ಲೋಡ್ ಹೊಡೆಯುತ್ತಿದ್ದ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಇಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ. ಕಾಲು ತೆಗೆಯದೆ ಒತ್ತಿ ಹಿಡಿದೇ ಗಾಡಿ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಲೋಡ್ ಹಾಕಬೇಡಿ, ಮೊದಲು ಮೆಕ್ಯಾನಿಕ್‌ಗೆ ತೋರಿಸಿ.

ಬಿಚ್ಚುವ ಮುಂಚೆ ಮೀಟರ್ ಹಿಡಿಯಿರಿ

ಕೆಲವೇ ನೂರು ರೂಪಾಯಿಗೆ ಡಿಜಿಟಲ್ ಮಲ್ಟಿಮೀಟರ್ ಸಿಗುತ್ತದೆ. ಡಿಸಿ ವೋಲ್ಟ್‌ನಲ್ಲಿಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿಯಿರಿ. 12 ವೋಲ್ಟ್ ಗಾಡಿಗೆ ಸುಮಾರಾಗಿ ಲೆಕ್ಕ ಹೀಗೆ:

• ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ಇದ್ದರೆ ಬ್ಯಾಟರಿ ಫುಲ್. 12.2 ಇದ್ದರೆ ಅರ್ಧ.
• ಇಂಜಿನ್ ಓಡುವಾಗ 13.8 ರಿಂದ 14.5 ಬರಬೇಕು.
• ಹೆಡ್‌ಲೈಟ್ ಹಾಕಿ ಸ್ವಲ್ಪ ರೇಸ್ ಮಾಡಿದಾಗಲೂ 13.5ಕ್ಕಿಂತ ಕೆಳಗಿಳಿದರೆ ಚಾರ್ಜಿಂಗ್ ಸಾಲದು.
• 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ.
• ಇಂಜಿನ್ ಓಡುವಾಗಲೇ ಮೀಟರ್ ಎಸಿ ವೋಲ್ಟ್‌ಗೆ ತಿರುಗಿಸಿ. 0.5ಕ್ಕಿಂತ ಜಾಸ್ತಿ ತೋರಿಸಿದರೆ ಡಯೋಡ್ ಮೇಲೆ ಅನುಮಾನ.

ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಸಿ ಇಳಿಸುತ್ತದೆ. ಅಂಥವಕ್ಕೆ ಮ್ಯಾನ್ಯುಯಲ್ ನೋಡಿ. ಬಂದ ಅಂಕಿಗಳ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಯಾರಾದರೂ ನೋಡದೇನೇ "ಹೊಸದೇ ಹಾಕ್ಬೇಕು" ಅಂದರೆ ಕೇಳುವುದಕ್ಕೆ ನಿಮ್ಮ ಹತ್ತಿರ ಲೆಕ್ಕ ಇರುತ್ತದೆ.

ಸ್ವಚ್ಛ ಮಾಡುವ ಕ್ರಮ

1. ಇಂಜಿನ್ ತಣ್ಣಗಾಗಲಿ. ಬ್ಯಾಟರಿಯ ಮೈನಸ್ ವೈರ್ ಮೊದಲು ಬಿಚ್ಚಿ. ಆಲ್ಟರ್ನೇಟರ್‌ನ ದಪ್ಪ ವೈರಿಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ.
2. ಯಾವ ವೈರ್ ಎಲ್ಲಿದೆ ಅಂತ ಫೋಟೋ ತೆಗೆದು, ಆಲ್ಟರ್ನೇಟರ್ ಇಳಿಸಿಕೊಳ್ಳಿ.
3. ಹೊರಗಿನ ಗಟ್ಟಿ ಜಿಡ್ಡನ್ನು ಒಣ ಬ್ರಷ್, ಬಟ್ಟೆಯಿಂದ ತೆಗೆಯಿರಿ. ಕೂಲೆಂಟ್ ಆಗಿದ್ದರೆ ಮೊದಲು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ.
4. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತಂದು, ಕೊಳೆ ಹೊರಗೆ ಇಳಿಯುವ ಹಾಗೆ ಆಲ್ಟರ್ನೇಟರ್ ವಾಲಿಸಿ, ಕಿಂಡಿಗಳಿಗೆ ಸ್ವಲ್ಪ ಸ್ವಲ್ಪವೇ ಹೊಡೆಯಿರಿ. ಬೇರಿಂಗ್ ಕಡೆ ಹೊಡೆಯಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ.
5. ಬ್ರಷ್ ಹೋಲ್ಡರ್ ಸ್ಕ್ರೂ ಬಿಚ್ಚಿ ಬರುವಂತಿದ್ದರೆ ತೆಗೆಯಿರಿ. ಬ್ರಷ್ ಸ್ಪ್ರಿಂಗ್ ಮೇಲೆ ಸಲೀಸಾಗಿ ಆಡಬೇಕು. ಹೊರಗೆ ಕಾಣುವ ಉದ್ದ ಸುಮಾರು 5 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ, ಅಥವಾ ಎಣ್ಣೆ ಕುಡಿದಿದ್ದರೆ ಬದಲಾಯಿಸಿ. ಕಾರ್ಬನ್ ಹೀರಿದ ಎಣ್ಣೆ ಪೂರ್ತಿ ಬಿಡುವುದಿಲ್ಲ.
6. ಸ್ಲಿಪ್ ರಿಂಗ್ ಒರೆಸಿ. ಕಲೆ ಹೋಗದಿದ್ದರೆ 400 ನಂಬರಿನ ಅಥವಾ ಅದಕ್ಕಿಂತ ನಯವಾದ ಸ್ಯಾಂಡ್‌ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ.
7. ಪೂರ್ತಿ ಒಣಗಲಿ. ಒಂದು ಗಂಟೆ ಬಿಸಿಲಿಗಿಟ್ಟರೂ ತಪ್ಪಿಲ್ಲ. ಕೂಡಿಸಿದ ಮೇಲೆ ಮೈನಸ್ ವೈರ್ ಕೊನೆಗೆ ಹಾಕಿ, ಮತ್ತೆ ಮೀಟರ್ ಹಿಡಿಯಿರಿ.

ವ್ಯಾಕ್ಯೂಮ್ ಪಂಪ್ ಇರುವುದನ್ನು ಮನೆಯಲ್ಲಿ ಬಿಚ್ಚಬೇಡಿ. ಬೇರಿಂಗ್ ಗರ್ ಅಂದರೆ, ಸುಟ್ಟ ವಾಸನೆ ಬಂದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಹಾಕಿದ ಮೇಲೆ ಹಳೇ ಸೀಲ್, ಹಳೇ ಬ್ರಷ್ ವಾಪಸ್ ಕೇಳಿ ಪಡೆಯಿರಿ.

ಇವನ್ನು ಮಾಡಲೇಬೇಡಿ

• ಪೆಟ್ರೋಲ್ ಸುರಿದು ತೊಳೆಯಬೇಡಿ. ಒಂದು ಕಿಡಿ ಸಾಕು. ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆದರೆ ಪಸೆ ಉಳಿದು ಧೂಳು ಇನ್ನೂ ಬೇಗ ಹಿಡಿಯುತ್ತದೆ.
• ವಾಟರ್ ವಾಶ್‌ನಲ್ಲಿ ಪ್ರೆಶರ್ ನೀರು ಆಲ್ಟರ್ನೇಟರ್‌ಗೆ ಹೊಡೆಸಬೇಡಿ. ಪ್ಲಾಸ್ಟಿಕ್ ಕವರ್ ಕಟ್ಟಿ.
• ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು "ಟೆಸ್ಟ್" ಮಾಡಬೇಡಿ. ಆ ಕ್ಷಣಕ್ಕೆ ವೋಲ್ಟೇಜ್ ಮೇಲಕ್ಕೆ ಹಾರಿ ಡಯೋಡ್, ರೆಗ್ಯುಲೇಟರ್ ಸುಡಬಹುದು.
• ಟ್ರ್ಯಾಕ್ಟರ್‌ಗೆ ವೆಲ್ಡಿಂಗ್ ಮಾಡಿಸುವ ಮುಂಚೆ ಬ್ಯಾಟರಿ, ಆಲ್ಟರ್ನೇಟರ್ ವೈರ್‌ಗಳನ್ನು ಬಿಚ್ಚಿಸಿ.
• ಎಣ್ಣೆ ಕುಡಿದ ಬೆಲ್ಟನ್ನು ಬಿಗಿ ಮಾಡಿ ಓಡಿಸಬೇಡಿ. ಬಿಗಿ ಜಾಸ್ತಿಯಾದರೆ ಬೇರಿಂಗ್ ಹೋಗುತ್ತದೆ. ಬೆಲ್ಟ್ ಬದಲಾಯಿಸಿ.

ತಿಂಗಳಿಗೆ ಹತ್ತು ನಿಮಿಷ

ಮೊಬೈಲ್‌ನಲ್ಲಿ ತಿಂಗಳಿಗೊಂದು ಅಲಾರಂ ಇಟ್ಟುಕೊಳ್ಳಿ. ಬಾನೆಟ್ ಎತ್ತಿ ಹೊಸ ಒದ್ದೆ ಇದೆಯಾ ನೋಡಿ. ಬೆಲ್ಟ್ ಮಧ್ಯ ಹೆಬ್ಬೆರಳಿನಿಂದ ಒತ್ತಿ, ಸಾಮಾನ್ಯವಾಗಿ 10 ರಿಂದ 12 ಮಿ.ಮೀ. ಬಗ್ಗಬೇಕು. ಕೀ ಹಾಕಿದಾಗ ಚಾರ್ಜಿಂಗ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಒಕ್ಕಣೆ ಕಾಲದಲ್ಲಿ ಹೊಟ್ಟಿನ ಧೂಳು ಜಾಸ್ತಿ, ಆಗ ವಾರಕ್ಕೊಮ್ಮೆ ಕಿಂಡಿಗಳನ್ನು ಒಣ ಬ್ರಷ್‌ನಿಂದ ಗುಡಿಸಿ.

ಆಯಿಲ್ ಸೀಲಿನ ಬೆಲೆ ಹೊಸ ಆಲ್ಟರ್ನೇಟರ್‌ಗೆ ಹೋಲಿಸಿದರೆ ಬಹಳ ಕಡಿಮೆ. ಲೋಡ್ ತುಂಬಿದ ಗಾಡಿಯಲ್ಲಿ ಬ್ರೇಕ್ ಹಿಡಿಯದಿದ್ದರೆ ಆಗುವ ನಷ್ಟಕ್ಕೆ ಲೆಕ್ಕವೇ ಇಲ್ಲ. ಇವತ್ತೇ ಒಂದು ರಟ್ಟು ಹಾಸಿ, ನಾಳೆ ಬೆಳಿಗ್ಗೆ ನೋಡಿ.

ಮುಂದಿನ ವಾರ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವ ಸರಿಯಾದ ಕ್ರಮ ನೋಡೋಣ.