ಜೇನು ಚೌಕಟ್ಟಿನ ಪಟ್ಟಿ ಕೊಯ್ಯೋಕೆ ಮೈಟರ್ ಬಾಕ್ಸ್ ಮಾಡಿಕೊಳ್ಳಿ



ತುಡುವೆ ಜೇನು ಸಾಕುವವರು ಪೆಟ್ಟಿಗೆಯನ್ನು ಕೊಂಡು ತಂದರೂ ಒಳಗಿನ ಚೌಕಟ್ಟುಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಅಳತೆಯಲ್ಲಿ ಉದಾಸೀನ ಸಲ್ಲದು. ಚೌಕಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಸುಮಾರು 8 ಮಿ.ಮೀ. ಜಾಗ ಬೇಕು. ಜಾಸ್ತಿಯಾದರೆ ಜೇನ್ನೊಣಗಳು ಅಲ್ಲೂ ಎರಿ ಕಟ್ಟಿ ಗೋಡೆಗೆ ಅಂಟಿಸ್ತವೆ. ಚೌಕಟ್ಟು ಎತ್ತುವಾಗ ಆ ಎರಿ ಹರಿಯುತ್ತೆ, ಜೇನು ಸೋರುತ್ತೆ. ಕಡಿಮೆಯಾದರೆ ನೊಣಗಳಿಗೆ ಓಡಾಡೋಕೆ ಆಗಲ್ಲ, ಆ ಸಂದು ಮೇಣದ ಪತಂಗಕ್ಕೆ ಅಡಗೋ ಜಾಗವಾಗುತ್ತೆ.

ಕೈಗರಗಸದಲ್ಲಿ ಎಲ್ಲಾ ಪಟ್ಟಿಗಳನ್ನೂ ನೇರವಾಗಿ, ಒಂದೇ ಉದ್ದಕ್ಕೆ ಕೊಯ್ಯೋಕೆ ನಾನು ಬಳಸೋದು ಮೈಟರ್ ಬಾಕ್ಸ್. ಮೇಲ್ಭಾಗ ಮತ್ತು ಎರಡು ತುದಿ ತೆರೆದಿರುವ ಮರದ ತೊಟ್ಟಿ ಇದು. ಪಕ್ಕದ ಹಲಗೆಗಳಲ್ಲಿ ಎದುರುಬದುರು ಸೀಳು ಇರುತ್ತೆ. ಗರಗಸ ಆ ಸೀಳಲ್ಲೇ ಓಡೋದರಿಂದ ಅತ್ತಿತ್ತ ವಾಲಲ್ಲ.

ಮಾಡೋದು ಹೇಗೆ?

ಚೆನ್ನಾಗಿ ಒಣಗಿದ ಗಟ್ಟಿ ಮರದ, 1 ಅಡಿ ಉದ್ದದ ಮೂರು ಹಲಗೆ ಸಾಕು. ತಳದ ಹಲಗೆ 10 ಸೆಂ.ಮೀ. ಅಗಲವಿರಲಿ. ಪಕ್ಕದ ಹಲಗೆಗಳನ್ನು ಅದಕ್ಕೆ ಸ್ಕ್ರೂ ಹಾಕಿ ಕೂರಿಸಿ. ಮೂಲೆಮಟ್ಟ ಇಟ್ಟು 90 ಡಿಗ್ರಿ ಗೆರೆ ಎಳೆದು, ತಳ ಮುಟ್ಟುವವರೆಗೆ ಕೊಯ್ಯಿರಿ. 45 ಡಿಗ್ರಿ ಸೀಳು ಬೇಕಿದ್ದರೆ ಬಾಕ್ಸಿನ ಹೊರ ಅಗಲ ಎಷ್ಟಿದೆಯೋ ಅಷ್ಟೇ ದೂರವನ್ನು ಉದ್ದಕ್ಕೂ ಗುರುತಿಸಿ, ಆ ಚೌಕದ ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಕೋಳಿಗೂಡಿನ ಜಾಲರಿ ಚೌಕಟ್ಟಿಗೆ ಅದು ಉಪಯೋಗ. ಜೇನು ಚೌಕಟ್ಟಿಗೆ 90 ಡಿಗ್ರಿ ಸಾಕು.

ಕೊಯ್ಯುವಾಗ

1. ಬಾಕ್ಸ್ ಅಲುಗಾಡದಂತೆ ಮೇಜಿಗೆ ಕ್ಲಾಂಪ್ ಹಾಕಿ.
2. ಪಟ್ಟಿಯ ಕೆಳಗೆ ಬೇಡದ ರೀಪು ಇಡಿ. ಬಾಕ್ಸಿನ ತಳಕ್ಕೆ ಗರಗಸ ತಾಗಲ್ಲ, ಪಟ್ಟಿಯ ಅಂಚಿನಲ್ಲಿ ಸಿಬಿರೂ ಕಡಿಮೆ.
3. ನಿಮ್ಮ ಪೆಟ್ಟಿಗೆಗೆ ಸರಿಯಾಗಿ ಕೂರುವ ಹಳೇ ಚೌಕಟ್ಟಿನ ಅಳತೆ ತಗೊಳ್ಳಿ. ಸೀಳಿನಿಂದ ಅಷ್ಟು ದೂರಕ್ಕೆ ಒಂದು ಮರದ ತುಂಡನ್ನು ಅಡ್ಡಕ್ಕೆ ಬಿಗಿ ಮಾಡಿ. ಪ್ರತಿ ಪಟ್ಟಿಯ ತುದಿಯನ್ನೂ ಅದಕ್ಕೆ ತಾಗಿಸಿ ಕೊಯ್ದರೆ ಅಳತೆ ಒಂದೇ ಸಲ. ಪ್ರತಿ ಸಲವೂ ಅಲ್ಲಿನ ಮರದ ಪುಡಿ ಒರೆಸಿ, ಇಲ್ಲದಿದ್ದರೆ ಪಟ್ಟಿ ಗಿಡ್ಡ ಆಗುತ್ತೆ.
4. ಸಣ್ಣ ಹಲ್ಲಿನ, ಬೆನ್ನಿಗೆ ಕಬ್ಬಿಣದ ಪಟ್ಟಿ ಇರುವ ಗರಗಸ ಒಳ್ಳೇದು. ಒತ್ತಬೇಡಿ, ಗರಗಸದ ಭಾರವೇ ಸಾಕು.

ಮೊಳೆ ಹೊಡೆದ ಮೇಲೆ ಎರಡೂ ಕರ್ಣ ಅಳೆಯಿರಿ. ಸಮ ಬಂದರೆ ಚೌಕಟ್ಟು ಸೊಟ್ಟ ಇಲ್ಲ ಅಂತ ಅರ್ಥ. ಬಳಸ್ತಾ ಬಳಸ್ತಾ ಸೀಳು ಅಗಲವಾಗಿ ಗರಗಸ ಅಲ್ಲಾಡತೊಡಗಿದರೆ ಪಕ್ಕದಲ್ಲೇ ಹೊಸ ಸೀಳು ಕೊಯ್ದುಕೊಳ್ಳಿ.