ವಿದ್ಯಾರ್ಥಿವೇತನ: ನಮ್ಮ ದಾನ ಯಾವ ಹಂತಕ್ಕೆ ಮುಟ್ಟಬೇಕು?

ಪ್ರತಿ ವರ್ಷ ಹತ್ತನೆಯ ತರಗತಿ ಹಾಗೂ ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಬಳಿಕ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಸನ್ಮಾನ ಸಮಾರಂಭಗಳು ಸಾಲಾಗಿ ಜರಗುತ್ತವೆ. ಸಹಕಾರಿ ಸಂಘಗಳು, ಸಮುದಾಯ ಸಂಘಟನೆಗಳು, ಯುವಕ ಮಂಡಲಗಳು, ವರ್ತಕ ಮಿತ್ರರು ಹೀಗೆ ಹಲವರು ಅಧಿಕ ಅಂಕ ಗಳಿಸಿದ ಮಕ್ಕಳಿಗೆ ಶಾಲು, ಸ್ಮರಣಿಕೆ, ಜೊತೆಗೊಂದು ಲಕೋಟೆ ನೀಡುತ್ತಾರೆ. ಈ ಸಂಪ್ರದಾಯ ಸ್ತುತ್ಯರ್ಹವೇ. ಆದರೆ ಅದೇ ವಿದ್ಯಾರ್ಥಿ ಐದಾರು ವರ್ಷಗಳ ನಂತರ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಹೊರಡುವಾಗ, ಅಂದರೆ ನಿಜವಾಗಿ ಹಣ ಬೇಕಾದಾಗ, ಲಕೋಟೆ ಕೊಟ್ಟವರಲ್ಲಿ ನೆನಪಿಸಿಕೊಳ್ಳುವವರು ವಿರಳ. ವರ್ತಕ ಸಮುದಾಯದ ವಿದ್ಯಾದಾನ ಆ ಹಂತಕ್ಕೂ ಮುಟ್ಟಬೇಕೆಂಬುದು ಈ ಲೇಖನದ ವಾದ.

ಮೊದಲು ಸರಕಾರದಿಂದ ದೊರೆಯುವ ನೆರವನ್ನು ಗಮನಿಸೋಣ. ರಾಜ್ಯ ಸರಕಾರದ ಬಹುತೇಕ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕವೇ ಅರ್ಜಿ ಸಲ್ಲಿಸಬೇಕು. ಅನೇಕ ಅರ್ಜಿಗಳು ನಿಂತುಹೋಗುವುದು ಅರ್ಹತೆಯ ಕೊರತೆಯಿಂದಲ್ಲ, ಕಾಗದಪತ್ರಗಳು ಒಂದಕ್ಕೊಂದು ತಾಳೆಯಾಗದೆ. ಆಧಾರ್‌ನಲ್ಲಿರುವ ಹೆಸರು ಅಂಕಪಟ್ಟಿಯಲ್ಲಿ ಬೇರೆಯಾಗಿರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. 2021ರಲ್ಲಿ ರೈತರ ಮಕ್ಕಳಿಗಾಗಿ ಆರಂಭವಾದ ರೈತ ವಿದ್ಯಾನಿಧಿಯಲ್ಲಂತೂ ನಮ್ಮ ಜಿಲ್ಲೆಗೇ ವಿಶಿಷ್ಟವೆನ್ನಬಹುದಾದ ತೊಡಕೊಂದಿದೆ. ಆರ್.ಟಿ.ಸಿ. ಇನ್ನೂ ಅಜ್ಜನ ಹೆಸರಿನಲ್ಲಿರುವ, ಪಾಲಾಗದ ಅಡಿಕೆ ತೋಟಗಳು ಇಲ್ಲಿ ಹೇರಳ. ಅಂತಹ ಮನೆಯ ತಂದೆ ದಿನವಿಡೀ ತೋಟದಲ್ಲಿ ದುಡಿದರೂ 'ಫ್ರೂಟ್ಸ್' ತಂತ್ರಾಂಶದಲ್ಲಿ ಅವನು ರೈತನಲ್ಲ. ಅಂಗಡಿಯ ಲೆಕ್ಕ ಬರೆಯುವವರು ವರ್ಷಕ್ಕೆರಡು ಸಂಜೆ ನಾಲ್ಕು ಮಕ್ಕಳ ಕಾಗದಪತ್ರಗಳನ್ನು ತಾಳೆ ನೋಡಿಕೊಟ್ಟರೆ ಅದು ಲಕೋಟೆಗಿಂತ ದೊಡ್ಡ ಕೊಡುಗೆಯಾದೀತು.

ಪಿಯುಸಿಯ ಬಳಿಕ ಮೂಲವಿಜ್ಞಾನದಲ್ಲಿ ಬಿ.ಎಸ್ಸಿ. ಆರಿಸಿಕೊಳ್ಳುವವರು ಕೇಂದ್ರ ಸರಕಾರವು 2008ರಲ್ಲಿ ಆರಂಭಿಸಿದ 'ಇನ್‌ಸ್ಪೈರ್' ಯೋಜನೆಯನ್ನು ತಿಳಿದಿರಬೇಕು. ತಮ್ಮ ಮಂಡಳಿಯ ಪರೀಕ್ಷೆಯಲ್ಲಿ ಮೊದಲ ಶೇ. 1ರೊಳಗೆ ಬಂದವರಿಗೆ ಅದರಲ್ಲಿ ನಿಗದಿಯಾದದ್ದು ವರ್ಷಕ್ಕೆ ರೂ. 80,000, ಈ ಪೈಕಿ ರೂ. 20,000 ಬೇಸಿಗೆ ರಜೆಯ ಸಂಶೋಧನಾ ಕಾರ್ಯಕ್ಕೆ ಮೀಸಲು. ಅಂತಹ ಕಾರ್ಯಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಗೇರು ಸಂಶೋಧನಾ ಸಂಸ್ಥೆ ಪುತ್ತೂರಿನಲ್ಲಿಯೇ ಇದೆ. ಕಡಬ ತಾಲೂಕಿನ ನೆಟ್ಟಣದ ಬಳಿ ಕಿದುವಿನಲ್ಲಿ ತೆಂಗಿನ ಅಂತಾರಾಷ್ಟ್ರೀಯ ತಳಿ ಸಂಗ್ರಹವಿದೆ. 1956ರಲ್ಲಿ ಆರಂಭವಾದ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಪಕ್ಕದ ಬಂಟ್ವಾಳ ತಾಲೂಕಿನಲ್ಲಿದೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿ ಮೂರು ಬೆಳೆಗಳ ಸಂಶೋಧನೆ ನಡೆಯುತ್ತಿರುವ ಊರುಗಳು ದೇಶದಲ್ಲಿ ಎಷ್ಟಿರಬಹುದು?

ಇನ್ನು ಸ್ನಾತಕೋತ್ತರ ಹಂತದ ವಿಚಾರ. ಯುಜಿಸಿ ಹಾಗೂ ಸಿಎಸ್‌ಐಆರ್ 'ನೆಟ್' ಪರೀಕ್ಷೆಗಳು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ನಡೆಯುತ್ತವೆ. ಸ್ನಾತಕೋತ್ತರ ಪದವಿಯ ಅಂತಿಮ ವರ್ಷದಲ್ಲಿರುವಾಗಲೇ ಅರ್ಜಿ ಸಲ್ಲಿಸಬಹುದು. ಪದವಿ ಕೈಗೆ ಬಂದ ಮೇಲೆ ನೋಡೋಣವೆಂದು ಕಾಯುವವರು ಒಂದು ವರ್ಷವನ್ನು ವೃಥಾ ಕಳೆದುಕೊಳ್ಳುತ್ತಾರೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 'ನೆಟ್ ಪಾಸಾಗಿದೆ' ಎಂದ ಮಾತ್ರಕ್ಕೆ ವೇತನ ಸಿಗುವುದಿಲ್ಲ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅಥವಾ ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾದವರಿಗೆ ಈ ಪರೀಕ್ಷೆಯಿಂದ ಬಿಡಿಗಾಸೂ ಇಲ್ಲ. ಕಿರಿಯ ಸಂಶೋಧನಾ ವೇತನ, ಅಂದರೆ ಜೆ.ಆರ್.ಎಫ್., ದೊರೆತವರಿಗೆ ಮಾತ್ರ ಹಣ. 2023ರ ಜನವರಿಯಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ ರೂ. 37,000, ಆ ಬಳಿಕ ರೂ. 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಕೃಷಿ ವಿಜ್ಞಾನದವರಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪ್ರತ್ಯೇಕ ಪರೀಕ್ಷೆ ಇದೆ. 'ಗೇಟ್' ಅಂಕದ ಆಧಾರದಲ್ಲಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ ರೂ. 12,400 ದೊರೆಯುತ್ತದೆ.

ಮೊತ್ತ ನೋಡಿದರೆ ಕೊರತೆ ಇಲ್ಲವೆಂದೇ ತೋರುತ್ತದೆ. ಕೊರತೆ ಇರುವುದು ನಡುವಿನ ಅವಧಿಯಲ್ಲಿ. ಸುಳ್ಯ ಕಡೆಯ ಪರಿಚಿತ ಹುಡುಗಿಯೊಬ್ಬಳು ಜೆ.ಆರ್.ಎಫ್. ಪಡೆದು ಸಂಶೋಧನೆಗೆ ಸೇರಿದಳು. ಮೊದಲ ಕಂತು ಖಾತೆಗೆ ಬರಲು ಏಳು ತಿಂಗಳು ಹಿಡಿಯಿತು. ಅಷ್ಟು ಕಾಲ ಹಾಸ್ಟೆಲಿನ ಊಟ, ಪ್ರಯಾಣ, ಶುಲ್ಕ ಎಲ್ಲವೂ ಅಮ್ಮನ ಬಳೆ ಅಡವಿಟ್ಟ ಹಣದಿಂದ ನಡೆದವು. ಬರಬೇಕಾದ ಹಣ ಪುಸ್ತಕದಲ್ಲಿದೆ, ಕೈಯಲ್ಲಿಲ್ಲ. ಉದ್ರಿ ಕೊಟ್ಟು ಸೋತ ಯಾವ ವ್ಯಾಪಾರಿಗೂ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಅಡವಿಡಲು ಬಳೆಯೂ ಇಲ್ಲದ ಮನೆಯ ಮಕ್ಕಳು ಆ ಏಳು ತಿಂಗಳಲ್ಲಿ ಸಿಕ್ಕ ಕೆಲಸ ಹಿಡಿದು ಹೊರಟುಬಿಡುತ್ತಾರೆ.

ಇದು ವಿದ್ಯಾರ್ಥಿಗಳ ಕಷ್ಟವಾಯಿತು, ಇದರಿಂದ ವ್ಯಾಪಾರಕ್ಕೇನು ಎಂದು ಕೇಳಬಹುದು. ಮಳೆಗಾಲದಲ್ಲಿ ನಮ್ಮ ಅಂಗಡಿಗಳಿಂದ ಎಷ್ಟು ಮೈಲುತುತ್ತು ಮಾರಾಟವಾಗುತ್ತದೆ ಎಂದು ಯೋಚಿಸಿದರೆ ಸಾಕು. ದ್ರಾಕ್ಷಿಯ ರೋಗಕ್ಕೆಂದು ಫ್ರಾನ್ಸಿನಲ್ಲಿ ಬಳಕೆಗೆ ಬಂದ ಬೋರ್ಡೋ ದ್ರಾವಣವು ಅಡಿಕೆಯ ಕೊಳೆರೋಗಕ್ಕೆ ಮದ್ದಾದದ್ದು ತಾನಾಗಿ ಅಲ್ಲ. ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ತರುಣ ಸಂಶೋಧಕನಿಗೆ ಅಂದು ಸಂಸ್ಥಾನ ಕೊಟ್ಟ ಸಂಬಳದ ಫಲವನ್ನು ಶತಮಾನ ಕಳೆದರೂ ಬೆಳೆಗಾರನೂ ವರ್ತಕನೂ ಉಣ್ಣುತ್ತಿದ್ದಾರೆ.

ಇಂದು ಸಂಪಾಜೆ, ಅರಂತೋಡು, ಮರ್ಕಂಜದ ತೋಟಗಳಲ್ಲಿ ಹಳದಿ ಎಲೆ ರೋಗ ಮರಗಳನ್ನು ಒಂದೊಂದಾಗಿ ತಿನ್ನುತ್ತಿದೆ. ಅದಕ್ಕೆ ಗುಣಪಡಿಸುವ ಔಷಧವಿಲ್ಲ. ಎಲೆಚುಕ್ಕಿ ರೋಗ ಜೊತೆಗೂಡಿದೆ. ಮತ್ತೊಂದೆಡೆ, ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಈ ವಿಷಯ ಬಂದಾಗಲೆಲ್ಲ ನಾವು ಸಭೆ ನಡೆಸಿ ನಿರ್ಣಯ ಅಂಗೀಕರಿಸುತ್ತೇವೆ. ಪ್ರಯೋಗಾಲಯದ ಪ್ರಶ್ನೆಗೆ ನಿರ್ಣಯ ಉತ್ತರವಾಗದು. ವರ್ತಕರು ಇಂತಹ ಸಂಶೋಧನೆಗೆ ಹಣ ಕೊಡುವುದಾದರೆ ಫಲಿತಾಂಶ ಇಂತಿಂಥದೇ ಬರಬೇಕೆಂಬ ನಿರೀಕ್ಷೆಯನ್ನು ಮೊದಲೇ ಕೈಬಿಡಬೇಕು. ಅಡಿಕೆಯ ಪರವಾಗಿಯೇ ಬರೆಯಿಸಿದ ಪ್ರಬಂಧವನ್ನು ಹೊರಗಿನವರು ಒಪ್ಪುವುದಿಲ್ಲ. ನಮಗೆ ಅಹಿತವಾದ ಉತ್ತರ ಬಂದರೂ, ಬೇರೆ ಬೆಳೆ, ಬೇರೆ ಉಪಯೋಗಗಳತ್ತ ಸಕಾಲದಲ್ಲಿ ತಿರುಗಲು ಅದು ನೆರವಾಗುತ್ತದೆ.

ಲೆಕ್ಕ ಮಾಡೋಣ. ಅರವತ್ತು ಮಕ್ಕಳಿಗೆ ತಲಾ ರೂ. 2,000 ಕೊಟ್ಟರೆ ರೂ. 1,20,000 ಆಗುತ್ತದೆ. ಅದೇ ಮೊತ್ತದಲ್ಲಿ ಒಬ್ಬ ಸಂಶೋಧಕನಿಗೆ ತಿಂಗಳಿಗೆ ರೂ. 10,000ದಂತೆ ಇಡೀ ವರ್ಷ ನಡೆಯುತ್ತದೆ. ಇಪ್ಪತ್ತು ಅಂಗಡಿಗಳು ತಿಂಗಳಿಗೆ ಐನೂರು ರೂಪಾಯಿ ತೆಗೆದಿಟ್ಟರೂ ಆಯಿತು. ಸನ್ಮಾನ ನಿಲ್ಲಿಸಬೇಕೆಂದು ಯಾರೂ ಹೇಳುತ್ತಿಲ್ಲ. ಶಾಲು ಮತ್ತು ಸ್ಮರಣಿಕೆಯ ಖರ್ಚನ್ನಾದರೂ ಇತ್ತ ತಿರುಗಿಸಬಹುದಲ್ಲವೇ?

ಈ ಹಣ ಪೂರ್ತಿ ದಾನವೇ ಆಗಬೇಕಾಗಿಲ್ಲ. ಜಮ್ಷೇಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ದತ್ತಿನಿಧಿ ಉನ್ನತ ವ್ಯಾಸಂಗಕ್ಕೆ ವಿದೇಶಕ್ಕೆ ಹೋಗುವವರಿಗೆ ಸಾಲರೂಪದ ವಿದ್ಯಾರ್ಥಿವೇತನ ನೀಡುತ್ತ ಬಂದಿದೆ. ಮರಳಿ ಬಂದ ಹಣ ಮುಂದಿನವರಿಗೆ ಸಲ್ಲುತ್ತದೆ. ಕನ್ನಡ ನಾಡಿನ ಅಣುವಿಜ್ಞಾನಿ ರಾಜಾ ರಾಮಣ್ಣ ಹಾಗೂ ಮುಂದೆ ರಾಷ್ಟ್ರಪತಿಯಾದ ಕೆ. ಆರ್. ನಾರಾಯಣನ್ ಲಂಡನ್ನಿಗೆ ತೆರಳಿದ್ದು ಈ ನಿಧಿಯ ನೆರವಿನಿಂದ. ಜೆ.ಆರ್.ಎಫ್. ದೊರೆತು ಕಂತಿಗಾಗಿ ಕಾಯುತ್ತಿರುವವರಿಗೆ ಬಡ್ಡಿರಹಿತ ಕೈಗಡವೇ ಸಾಕು. ಕಂತು ಬಂದೊಡನೆ ಅವರು ಮರುಪಾವತಿಸಬಲ್ಲರು. ಫೆಲೋಶಿಪ್ ಇಲ್ಲದೆ ಓದುತ್ತಿರುವವರಿಗೆ ಮಾತ್ರ ಪೂರ್ಣ ವೇತನ ಬೇಕು.

ತೆರಿಗೆಯ ಬಗ್ಗೆ ಎರಡು ಮಾತು. ನೋಂದಾಯಿತ ದತ್ತಿ ಸಂಸ್ಥೆಗೆ ಕೊಟ್ಟ ದೇಣಿಗೆಯ ರಿಯಾಯಿತಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ವ್ಯಕ್ತಿಗಳಿಗೆ ಇಲ್ಲ. ಹಳೆಯ ಪದ್ಧತಿಯಲ್ಲಿಯೂ ರೂ. 2,000 ಮೀರಿದ ನಗದು ದೇಣಿಗೆ ಲೆಕ್ಕಕ್ಕೆ ಬಾರದು. ಆದ್ದರಿಂದ ಹಣ ಬ್ಯಾಂಕಿನ ಮೂಲಕವೇ ಸಾಗಲಿ.

ಆಯ್ಕೆಯಲ್ಲಿ ಅಂಕಕ್ಕಿಂತ ಮಾರ್ಗದರ್ಶಕರ ಪತ್ರ ಮತ್ತು ಮನೆಯ ಸ್ಥಿತಿಗೆ ಹೆಚ್ಚು ತೂಕವಿರಲಿ. ಮೂರು ತಿಂಗಳಿಗೊಮ್ಮೆ ಸಂಶೋಧನೆಯ ಪ್ರಗತಿ ಕುರಿತು ಒಂದು ಪುಟದ ವರದಿ ಕೇಳಬಹುದು. ಹಣ ಮಾತ್ರ ಪ್ರತಿ ತಿಂಗಳು 5ನೆಯ ತಾರೀಕಿನೊಳಗೆ ಖಾತೆಗೆ ಸೇರಬೇಕು, ಸಭೆ ಸೇರುವವರೆಗೆ ಕಾಯಿಸಬಾರದು.