ನಾಯಿ ವಸತಿಗೃಹ: ಮೊದಲು ನೋಂದಣಿ, ಅನಂತರ ಕಟ್ಟಡ

ಬೆಂಗಳೂರಿನಲ್ಲಿ ನಾಯಿ ಸಾಕಿದವರು ಮದುವೆ, ಪ್ರವಾಸಗಳಿಗೆ ಹೊರಟಾಗ ಅದನ್ನು ದಿನಕ್ಕಿಷ್ಟೆಂದು ಹಣ ಕೊಟ್ಟು ಬೇರೆಯವರ ವಶದಲ್ಲಿ ಬಿಟ್ಟುಹೋಗುವ ರೂಢಿ ಬೆಳೆದಿದೆ. ನಿಡುಗಲ್ ಸೀಮೆಯಲ್ಲಿ, ಅದರಲ್ಲೂ ಕೊರಟಗೆರೆ, ಮಧುಗಿರಿ, ಶಿರಾ ತಾಲ್ಲೂಕುಗಳಲ್ಲಿ, ಡಾಂಬರು ರಸ್ತೆಗೆ ಹತ್ತಿರ ಜಮೀನುಳ್ಳ ಬೇಸಾಯಗಾರರಿಗೆ ಇದೊಂದು ಉಪಕಸುಬಾಗಬಲ್ಲದು. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷ ಇಂಥ ಆದಾಯದ ಬೆಲೆ ತಿಳಿಯುತ್ತದೆ. ಆದರೆ ಸಾಲ ತಂದು ಗೂಡುಗಳನ್ನು ಕಟ್ಟಿದ ಮೇಲೆ ಅನುಮತಿ ದೊರೆಯದಿದ್ದರೆ ಆಗುವ ನಷ್ಟ ರೈತನದೇ.

ನಿಯಮ ಏನು ಹೇಳುತ್ತದೆ?

1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರ್ಕಾರವು 2017ರ ಮೇ ತಿಂಗಳಲ್ಲಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. "ನಾವು ಮರಿ ಮಾರುವವರಲ್ಲವಲ್ಲ" ಎಂದು ಇದನ್ನು ಪಕ್ಕಕ್ಕಿಡುವಂತಿಲ್ಲ. ತಳಿ ಸಂವರ್ಧಕ ಎಂಬ ಪದಕ್ಕೆ ನಿಯಮ ಕೊಟ್ಟಿರುವ ಅರ್ಥದೊಳಗೆ ನಾಯಿಗಳಿಗೆ ವಸತಿ ನಡೆಸುವವರೂ ಸೇರಿದ್ದಾರೆ. ಹೆಸರಿಗೂ ಒಳಗಿನ ವಿಷಯಕ್ಕೂ ಇರುವ ಈ ಅಂತರವೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಆದುದರಿಂದ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡೇ ಕಸುಬು ಆರಂಭಿಸತಕ್ಕದ್ದು. ಅರ್ಜಿಯೊಡನೆ ಸಲ್ಲಿಸುವ 5,000 ರೂಪಾಯಿ ಶುಲ್ಕ ಹಿಂತಿರುಗಿ ಬರುವುದಿಲ್ಲ. ಸ್ಥಳ ತನಿಖೆಯಾದ ಮೇಲೆ ದೊರೆಯುವ ನೋಂದಣಿ ಪತ್ರವನ್ನು ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ಪ್ರತಿ ನಾಯಿಯ ವಿವರವನ್ನು ಪುಸ್ತಕದಲ್ಲಿ ಬರೆದಿಡುವುದೂ ಕಡ್ಡಾಯ.

ಬೆಕ್ಕುಗಳಿಗೆ ಈ ನಿಯಮ ಅನ್ವಯಿಸದು. ಬೆಕ್ಕನ್ನು ಮಾರುವವರಿಗೆ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಿವೆ. ಕೇವಲ ವಸತಿ ಕೊಡುವವರೂ ಮೂಲ ಕಾಯಿದೆಯಿಂದ ಹೊರಗಿಲ್ಲ: ಮೈ ತಿರುಗಿಸಲಾಗದ ಪಂಜರದಲ್ಲಿ ಕೂಡುವುದು, ಅನ್ನ ನೀರು ಕೊಡದಿರುವುದು ಅಪರಾಧವೇ.

ಇನ್ನು ಜಮೀನಿನ ಮಾತು. ಹೈನುಗಾರಿಕೆ, ಕೋಳಿ ಸಾಕಣೆಗಳು ಭೂಸುಧಾರಣಾ ಕಾಯಿದೆಯ ಪ್ರಕಾರ ಬೇಸಾಯದಲ್ಲಿಯೇ ಸೇರುತ್ತವೆ. ಪರರ ನಾಯಿಗೆ ಬಾಡಿಗೆ ವಸತಿ ಕೊಡುವುದನ್ನು ಹಾಗೆ ಎಣಿಸುವಂತಿಲ್ಲ. 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಭೂಪರಿವರ್ತನೆಯ ಬಗ್ಗೆ ತಾಲ್ಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಕಟ್ಟಡಕ್ಕೆ ಗ್ರಾಮ ಪಂಚಾಯತಿಯ ಅನುಮತಿ ಬೇಕು.

ಕುರಿ ಸೀಮೆಯಲ್ಲಿ ವಿಶೇಷ ಎಚ್ಚರ

ಕಾಗದಪತ್ರಗಳಷ್ಟೇ ಮುಖ್ಯವಾದುದು ಇನ್ನೊಂದಿದೆ. ಶಿರಾ, ಪಾವಗಡಗಳು ಕುರಿಗಳ ನಾಡು. ನಾಯಿಯ ಕರುಳಿನಲ್ಲಿ ವಾಸಿಸುವ ಕೆಲವು ಲಾಡಿಹುಳುಗಳ ಮೊಟ್ಟೆ ಮಲದೊಡನೆ ಹುಲ್ಲಿಗೆ ಬಿದ್ದು ಕುರಿಯ ಹೊಟ್ಟೆ ಸೇರುತ್ತದೆ. ಒಂದು ಜಾತಿಯ ಹುಳು ಕುರಿಯ ಮಿದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆದಾಗ ಕುರಿ ಒಂದೇ ಕಡೆಗೆ ಸುತ್ತುತ್ತ ಕೊನೆಗೆ ಬೀಳುತ್ತದೆ. ಮತ್ತೊಂದು ಜಾತಿ ಕುರಿಯ ಯಕೃತ್ತು, ಶ್ವಾಸಕೋಶಗಳಲ್ಲಿ ಗುಳ್ಳೆ ಕಟ್ಟುವುದಲ್ಲದೆ ಮನುಷ್ಯರಿಗೂ ಬರುತ್ತದೆ. ಇಂಥ ಗುಳ್ಳೆಗಳಿರುವ ತಲೆ, ಕರುಳು, ಈಲಿಗಳನ್ನು ನಾಯಿಗೆ ಹಾಕಿದರೆ ಹುಳುವಿನ ಚಕ್ರ ಪೂರ್ಣವಾದಂತೆ. ಆದ್ದರಿಂದ ಹಸಿ ಮಾಂಸ ಸರ್ವಥಾ ಕೂಡದು, ಬೇಯಿಸಿಯೇ ಕೊಡಬೇಕು. ಎರಡನೆಯ ಜಾತಿಯ ಹುಳು ನಾಯಿಯಲ್ಲಿ ಬಲಿತು ಮೊಟ್ಟೆಯಿಡಲು ಸುಮಾರು ಆರೇಳು ವಾರ ಹಿಡಿಯುತ್ತದೆ. ಹೊಲದಲ್ಲಿಯೇ ಇರುವ ಕಾವಲು ನಾಯಿಗೆ ಆರು ವಾರಕ್ಕೊಮ್ಮೆ ಪಶುವೈದ್ಯರ ಸಲಹೆಯಂತೆ ಪ್ರಾಜಿಕ್ವಾಂಟೆಲ್ ಔಷಧಿ ಕೊಡಿಸಬೇಕೆಂಬುದಕ್ಕೆ ಇದೇ ಕಾರಣ. ನಾಯಿಯ ಮಲವನ್ನು ತಿಪ್ಪೆಗೆ ಸೇರಿಸುವುದು ತಪ್ಪು. ಕುರಿ ಮೇಯುವ ಜಾಗದಿಂದ ದೂರದಲ್ಲಿ ಆಳವಾದ ಗುಂಡಿ ತೆಗೆದು ಹೂಳಬೇಕು.

ಹೊಸದಾಗಿ ಬರುವ ನಾಯಿಗೆ ರೇಬೀಸ್, ಡಿಸ್ಟೆಂಪರ್, ಪಾರ್ವೊ ಲಸಿಕೆಗಳ ಪತ್ರ ನೋಡದೆ ಬಾಗಿಲು ತೆರೆಯಬಾರದು. ಕೆಲಸದವರಿಗೆ ನಾಯಿ ಕಚ್ಚಿದರೆ ಗಾಯವನ್ನು ಕೂಡಲೇ ಸೋಪು, ಹರಿಯುವ ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಅರಿಸಿನ, ಸುಣ್ಣ ಹಚ್ಚಿ ಕಾಯುವುದು ಪ್ರಾಣಕ್ಕೇ ಅಪಾಯ.

ಕಟ್ಟಡಕ್ಕೆ ಇಲ್ಲಿ ಸುಲಭವಾಗಿ ದೊರೆಯುವ ಸೈಜುಗಲ್ಲು ಅಗ್ಗವೆನಿಸಿದರೂ ಅದರ ಸಂದುಗಳಲ್ಲಿ ನಾಯಿ ಉಣ್ಣೆ ಅಡಗಿ ಮೊಟ್ಟೆಯಿಡುತ್ತದೆ. ಈ ಉಣ್ಣೆ ಗೋಡೆ ಹತ್ತುವ ಜಾತಿಯದು. ಆದಕಾರಣ ಗೋಡೆಯನ್ನು ಸೂರಿನವರೆಗೂ ಸಿಮೆಂಟು ಗಾರೆಯಿಂದ ನುಣುಪು ಮಾಡುವುದು ಲೇಸು. ಮಧುಗಿರಿ, ಕೊರಟಗೆರೆಗಳ ಕಲ್ಲುಗುಡ್ಡಗಳ ಬದಿಯಲ್ಲಿ ಚಿರತೆ ಓಡಾಡುವುದು ಹೊಸ ಸಂಗತಿಯಲ್ಲ. ಚಿರತೆಗೆ ನಾಯಿ ಪ್ರಿಯವಾದ ಆಹಾರ. ಓಡಾಟದ ಅಂಗಳಕ್ಕೆ ಸುತ್ತಲೂ ಬಲೆ ಕಟ್ಟಿ ಮೇಲ್ಭಾಗವನ್ನು ತೆರೆದಿಟ್ಟರೆ ಪ್ರಯೋಜನವಿಲ್ಲ. ಮೇಲೂ ಗಟ್ಟಿ ತಂತಿಬಲೆ ಹೊದಿಸಿ, ಸಂಜೆಯಾಗುತ್ತಲೇ ನಾಯಿಗಳನ್ನು ಒಳಗೆ ಕೂಡಿ ಅಗುಳಿ ಹಾಕಬೇಕು.